ಕಡಿಮೆ ಇರುವುದೇ ಮಿತಿ: ವಿಜ್ಞಾನಿ ಲೀಬಿಗ್

ಮಕ್ಕಳೇ, ಹಬ್ಬದ ದಿನ ಅವ್ವ ಕಣಕದ 10 ಉಂಡೆ, ಹೂರಣದ 6 ಉಂಡೆ ಮಾಡಿದ್ದಾಳೆ ಎಂದುಕೊಳ್ಳಿ. ಎಷ್ಟು ಹೋಳಿಗೆ ಆಗುತ್ತವೆ? ಆರೇ ಅಲ್ಲವೇ? ಹೂರಣ ಮುಗಿದ ಮೇಲೆ ಕಣಕ ಎಷ್ಟಿದ್ದರೇನು!

ರಾಸಾಯನಿಕ ಕ್ರಿಯೆಯೂ ಹೀಗೆಯೇ. 4 ಗ್ರಾಂ ಜಲಜನಕವು 32 ಗ್ರಾಂ ಆಮ್ಲಜನಕದೊಡನೆ ಸೇರಿ 36 ಗ್ರಾಂ ನೀರಾಗುತ್ತದೆ. ಸೇರುವ ಇವೆರಡೂ ಪ್ರತಿವರ್ತಕಗಳು, ನೀರು ಉತ್ಪನ್ನ. ಜಲಜನಕ 4 ಗ್ರಾಂ ಮಾತ್ರ ಇದ್ದರೆ, ಆಮ್ಲಜನಕ 100 ಗ್ರಾಂ ಇದ್ದರೂ ಸಿಗುವುದು 36 ಗ್ರಾಂ ನೀರೇ. ಮೊದಲು ಮುಗಿಯುವ ಪ್ರತಿವರ್ತಕವೇ ಉತ್ಪನ್ನಕ್ಕೆ ಮಿತಿ ಹಾಕುತ್ತದೆ.

ಇಂಥದೇ ನಿಯಮ ಹೊಲಕ್ಕೂ ಉಂಟೆಂದು ಜಗತ್ತಿಗೆ ಸಾರಿದವರು ಯುಸ್ಟುಸ್ ಫಾನ್ ಲೀಬಿಗ್. ಅವರು 1803ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಹುಟ್ಟಿದರು. ತಂದೆ ಬಣ್ಣ, ರಾಸಾಯನಿಕಗಳ ವ್ಯಾಪಾರಿ. ಅಲ್ಲಿಯೇ ಬಾಲಕನಿಗೆ ಪ್ರಯೋಗದ ಹುಚ್ಚು ಹತ್ತಿತು. 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬಾರದೆ ಬೆಳೆ ಕೆಟ್ಟು ಜನ ಹಸಿವಿನಿಂದ ನರಳಿದರು. ಆಗ ಅವರಿಗೆ 13 ವರ್ಷ.

ಪ್ಯಾರಿಸ್‌ನಲ್ಲಿ ಕಲಿತು, 21ನೇ ವಯಸ್ಸಿಗೇ ಗೀಸೆನ್‌ನಲ್ಲಿ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳು ತಾವೇ ಪ್ರಯೋಗ ಮಾಡಿ ಕಲಿಯುವ ಪ್ರಯೋಗಾಲಯ ನಡೆಸಿದರು. ಸಸ್ಯಗಳು ಮಣ್ಣಿನಿಂದ ಖನಿಜಗಳನ್ನು ಪಡೆಯುತ್ತವೆ ಎಂದು 1840ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಬೇಕಾದ ಪೋಷಕಾಂಶಗಳಲ್ಲಿ ಯಾವುದು ಅತಿ ಕೊರತೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ ಎಂಬ ನಿಯಮವನ್ನು ಪ್ರಚಾರಕ್ಕೆ ತಂದರು. ಅವರಿಗಿಂತ ಮೊದಲು ಇದನ್ನು ಗುರುತಿಸಿದವರು ಕಾರ್ಲ್ ಸ್ಪ್ರೆಂಗೆಲ್.

ಲೀಬಿಗ್ ಎಡವಿದ್ದೂ ಉಂಟು. ಬೆಳೆಗೆ ಬೇಕಾದ ಸಾರಜನಕ ಗಾಳಿ, ಮಳೆಯಿಂದಲೇ ಸಾಕಷ್ಟು ದೊರೆಯುತ್ತದೆ ಎಂದು ಅವರು ನಂಬಿದ್ದರು. ಇಂಗ್ಲೆಂಡಿನ ಲಾಸ್ ಮತ್ತು ಗಿಲ್ಬರ್ಟ್ ಹೊಲದಲ್ಲೇ ಪರೀಕ್ಷಿಸಿ, ಗೋಧಿಗೆ ಸಾರಜನಕದ ಗೊಬ್ಬರವೂ ಬೇಕೆಂದು ತೋರಿಸಿದರು. ಕೊರತೆ ಯಾವುದೆಂದು ಊಹಿಸಿದರೆ ಸಾಲದು, ಪರೀಕ್ಷಿಸಬೇಕು! ಲೀಬಿಗ್ 1873ರಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು.

ನಮ್ಮ ಜಿಲ್ಲೆಯನ್ನೇ ನೋಡಿ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲಗಳಲ್ಲಿ ಬಹಳ ಸಲ ನೀರೇ ಮಿತಿ. ಮಳೆ ಕೈಕೊಟ್ಟರೆ ಎಷ್ಟು ಗೊಬ್ಬರ ಹಾಕಿದರೂ ತೆನೆ ತುಂಬದು. ಗಂಗಾವತಿಯ ಭತ್ತದ ಗದ್ದೆಗೆ ತುಂಗಭದ್ರೆಯ ಕಾಲುವೆ ನೀರು ಬಂದರೂ, ಮಣ್ಣಿನಲ್ಲಿ ಸತುವಿನ ಕೊರತೆ ಇದ್ದರೆ ಯೂರಿಯಾ ಹೆಚ್ಚಿಸಿ ಫಲವಿಲ್ಲ, ಹಣ ವ್ಯರ್ಥ. ಅದಕ್ಕೇ ಮಣ್ಣು ಪರೀಕ್ಷೆ ಬೇಕು.

ನೀವೂ ಮಾಡಿ ನೋಡಿ: ಲೋಟದಲ್ಲಿ ಒಂದು ಚಮಚ ನಿಂಬೆರಸ ಹಾಕಿ. ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಸೇರಿಸಿ, ಕಲಕಿ. ನೊರೆ ಬರುವುದು ನಿಂತಾಗ ಮುಗಿದಿರುವುದು ಯಾವುದು? ಇನ್ನಷ್ಟು ನಿಂಬೆರಸ ಹಾಕಿ ಉತ್ತರ ಕಂಡುಕೊಳ್ಳಿ.