ಜವಳಿ ಅಂಗಡಿ ಗುಮಾಸ್ತನ ಮಗ, ಯಾರೂ ಬಿಡಿಸದ ಲೆಕ್ಕ

ಹಮ್ಮಿಗಿ: ಡಿಸೆಂಬರ್ 22 ಬಂತೆಂದರೆ ಸಾಲಿಗಳಲ್ಲಿ ಗಣಿತ ದಿನ. ಶ್ರೀನಿವಾಸ ರಾಮಾನುಜನ್ ಅವರ ಫೋಟೋಕ್ಕೆ ಮಾಲೆ ಬೀಳುತ್ತದೆ, ಭಾಷಣ ಆಗುತ್ತದೆ. ಅವರು ಕೇಳಿದ ಒಂದು ಲೆಕ್ಕಕ್ಕೆ ಆರು ತಿಂಗಳು ಯಾರಿಂದಲೂ ಉತ್ತರ ಬರಲಿಲ್ಲ ಅನ್ನೋದು ಮಾತ್ರ ಆ ಭಾಷಣದಾಗ ಬರೋದು ಕಡಿಮೆ. ಆ ಲೆಕ್ಕಕ್ಕೆ ನಮ್ಮ ಬೆಂಗಳೂರಿನ ನಂಟೂ ಇದೆ.

ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ತಾಯಿಯ ತವರು ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಮಂದಿಯ ಸಾವಿರಾರು ರೂಪಾಯಿ ಖಾತೆಗೆ ಬರೆದು, ತಾನು ಸಣ್ಣ ಪಗಾರ ಎಣಿಸಿಕೊಂಡು ಮನೆಗೆ ಬರುವ ಬದುಕು ಎಂಥದ್ದು ಅಂತ ನಮ್ಮ ಪ್ಯಾಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹುಡುಗ ಶಾಲೆಯಲ್ಲಿ ಬಹುಮಾನ ಗೆದ್ದ. ಕಾಲೇಜಿಗೆ ಹೋದ ಮೇಲೆ ಗಣಿತ ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ, ಸ್ಕಾಲರ್‌ಶಿಪ್ ಹೋಯಿತು. ಮದ್ರಾಸಿಗೆ ಹೋಗಿ ಎಫ್.ಎ. ಪರೀಕ್ಷೆಗೆ ಕೂತರೂ ಫೇಲ್. 1909ರಲ್ಲಿ ಜಾನಕಿ ಅವರೊಂದಿಗೆ ಮದುವೆ ಆಯಿತು, ಆದರೆ ಕೈಯಲ್ಲಿ ಕೆಲಸವಿಲ್ಲ. ಕಾಗದ ತುಟ್ಟಿ ಅಂತ ಪಾಟಿಯ ಮೇಲೆ ಲೆಕ್ಕ ಮಾಡುವುದು, ಮೊಣಕೈಲೆ ಒರೆಸುವುದು, ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುವುದು. ಹೀಗೇ ನಡೆದಿತ್ತು.

1911ರಲ್ಲಿ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಗೆ ಅವರು ಪ್ರಶ್ನೆಗಳನ್ನು ಕಳಿಸಿದರು. ಪತ್ರಿಕೆಯ ಸಂಪಾದಕರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಎಂ.ಟಿ. ನಾರಾಣ್ ಅಯ್ಯಂಗಾರ್. ಪ್ರಶ್ನೆ ಸಂಖ್ಯೆ 289 ಹೀಗಿತ್ತು: ವರ್ಗಮೂಲದೊಳಗೆ 1 ಕೂಡಿಸು 2 ಸಲ ಇನ್ನೊಂದು ವರ್ಗಮೂಲ, ಅದರೊಳಗೆ 1 ಕೂಡಿಸು 3 ಸಲ ಮತ್ತೊಂದು, ಅದರೊಳಗೆ 1 ಕೂಡಿಸು 4 ಸಲ ಮಗದೊಂದು. ಡಬ್ಬಿಯೊಳಗೆ ಡಬ್ಬಿ ಇಟ್ಟಂಗ, ಕೊನೆಯೇ ಇಲ್ಲ. ಇದರ ಬೆಲೆ ಎಷ್ಟು?

ಒಂದೇ ಅಂಕಿ ಮರುಕಳಿಸಿದರೆ ಲೆಕ್ಕ ಸಲೀಸು. ವರ್ಗಮೂಲದೊಳಗೆ 6 ಕೂಡಿಸು ಇನ್ನೊಂದು ವರ್ಗಮೂಲ, ಅದರೊಳಗೆ ಮತ್ತೆ 6 ಕೂಡಿಸು ವರ್ಗಮೂಲ, ಹೀಗೆ ಹೋದರೆ ಇಡೀ ಮೊತ್ತಕ್ಕೆ ಎಕ್ಸ್ ಎನ್ನಬಹುದು. ಒಳಗಿನ ತುಂಡೂ ಅದೇ ಎಕ್ಸ್. ಎಕ್ಸ್‌ನ ವರ್ಗ ಅಂದರೆ 6 ಕೂಡಿಸು ಎಕ್ಸ್, ಉತ್ತರ 3. ಆದರೆ ರಾಮಾನುಜನ್ ಅವರ ಲೆಕ್ಕದಲ್ಲಿ 2, 3, 4 ಅಂತ ಅಂಕಿ ಬೆಳೆಯುತ್ತಲೇ ಹೋಗುತ್ತದೆ. ಎಕ್ಸ್ ಹಿಡಿಯುವ ಉಪಾಯ ಇಲ್ಲಿ ನಡೆಯೋದಿಲ್ಲ.

ಮೂರು ಸಂಚಿಕೆ ಹೊರಬಂದರೂ ಒಬ್ಬರೂ ಬಿಡಿಸಲಿಲ್ಲ. ಕೊನೆಗೆ ರಾಮಾನುಜನ್ ಅವರೇ ಉತ್ತರ ಕೊಟ್ಟರು: 3.

ದಾರಿ ಇಷ್ಟೇ. 3 ಅಂದರೆ 9ರ ವರ್ಗಮೂಲ. 9 ಅಂದರೆ 1 ಕೂಡಿಸು 2 ಸಲ 4. ಆ 4 ಅಂದರೆ 16ರ ವರ್ಗಮೂಲ. 16 ಅಂದರೆ 1 ಕೂಡಿಸು 3 ಸಲ 5. ಆ 5 ಅಂದರೆ 25ರ ವರ್ಗಮೂಲ. 25 ಅಂದರೆ 1 ಕೂಡಿಸು 4 ಸಲ 6. ಹಿಂಗ ಬಿಚ್ಚುತ್ತಾ ಹೋದರೆ ಕೇಳಿದ ಲೆಕ್ಕವೇ ಬಂದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಸೂತ್ರವೇ ಅವರ ನೋಟ್‌ಬುಕ್ಕಿನಲ್ಲಿತ್ತು. ಇದು ಅದರ ಒಂದು ಚೂರು.

ಆದರೂ ಇಲ್ಲಿ ಒಂದು ತೊಡಕಿದೆ. 4ನ್ನೂ ಹೀಗೇ ಬಿಚ್ಚಬಹುದು: 16 ಅಂದರೆ 1 ಕೂಡಿಸು 2 ಸಲ ಏಳೂವರೆ, ಆ ಏಳೂವರೆಯನ್ನು ಮತ್ತೆ ಬಿಚ್ಚು. ಹಾಗಾದರೆ ಉತ್ತರ 4 ಯಾಕಲ್ಲ? ಬಾಲವನ್ನು ಕತ್ತರಿಸಿ ನೋಡಬೇಕು. ಎರಡರ ಹತ್ತಿರ ನಿಲ್ಲಿಸಿದರೆ 1.73, ಮೂರರ ಹತ್ತಿರ 2.24, ನಾಲ್ಕರ ಹತ್ತಿರ 2.56, ಐದರ ಹತ್ತಿರ 2.76. ಏರುತ್ತಾ 3ರ ಸಮೀಪ ಹೋಗುತ್ತದೆ, ದಾಟುವುದಿಲ್ಲ. ಇಂಥ ವರ್ಗಮೂಲಗಳ ಸರಣಿ ಯಾವಾಗ ಒಂದು ಬೆಲೆಗೆ ನಿಲ್ಲುತ್ತದೆ ಎಂಬ ನಿಯಮವನ್ನು ಆಮೇಲೆ ಟಿ. ವಿಜಯರಾಘವನ್ ಕೊಟ್ಟರು. ಒಳಗಿನ ಅಂಕಿಗಳ ಲಾಗರಿದಮ್, ಹೆಜ್ಜೆಗೊಮ್ಮೆ ದುಪ್ಪಟ್ಟಾಗುವ ವೇಗವನ್ನು ಮೀರಬಾರದು ಎಂಬುದು ಅದರ ಸಾರ. ರಾಮಾನುಜನ್ ಈ ಬಾಲದ ಗೊಡವೆಗೆ ಹೋಗಲಿಲ್ಲ. ಉತ್ತರ ಸರಿ ಇತ್ತು, ಪುರಾವೆ ಅರ್ಧ ಇತ್ತು.

ಅದೇ ವರ್ಷ ಅವರ ಮೊದಲ ದೊಡ್ಡ ಲೇಖನವೂ ಇದೇ ಪತ್ರಿಕೆಯಲ್ಲಿ ಬಂತು. ಬರವಣಿಗೆ ಮಂದಿಗೆ ತಿಳಿಯುವಂತಿರಲಿಲ್ಲ. ನಾರಾಣ್ ಅಯ್ಯಂಗಾರ್ ಬುಟ್ಟಿಗೆ ಎಸೆಯದೆ, ತಿದ್ದಿಸಿ ತಿದ್ದಿಸಿ ಅಚ್ಚು ಹಾಕಿದರು. ಡಿಗ್ರಿ ಇಲ್ಲದ ಹುಡುಗನಿಗೆ ಅದು ದೊಡ್ಡ ಆಸರೆ.

1912ರ ಮಾರ್ಚಿನಲ್ಲಿ ಮದ್ರಾಸ್ ಬಂದರಿನ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ತಿಂಗಳಿಗೆ 30 ರೂಪಾಯಿ. ಅಪ್ಪನ ಕಸುಬೇ ಮಗನಿಗೂ ಬಂತು. 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿ ಅವರಿಗೆ ಕಾಗದ ಬರೆದರು. ಮುಂದಿನ ವರ್ಷ ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಯುದ್ಧದ ಕಾಲದ ಇಂಗ್ಲೆಂಡಿನಲ್ಲಿ ಶಾಖಾಹಾರಿಗೆ ಸರಿಯಾದ ಊಟ ಸಿಗದೆ, ಚಳಿಯಲ್ಲಿ ದೇಹ ಕುಸಿಯಿತು. 1919ರಲ್ಲಿ ಮರಳಿ ಬಂದವರು 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ವಯಸ್ಸು 32.

ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲೂ ಲೆಕ್ಕ ನಿಲ್ಲಲಿಲ್ಲ. ಆ ಹಾಳೆಗಳು ಕೇಂಬ್ರಿಡ್ಜಿನ ಗ್ರಂಥಾಲಯದಲ್ಲಿ ಮತ್ತೆ ಕಣ್ಣಿಗೆ ಬಿದ್ದದ್ದು 1976ರಲ್ಲಿ. ಜಾನಕಿ ಅಮ್ಮ ಹೊಲಿಗೆ ಕಲಿತು, ಮದ್ರಾಸಿನಲ್ಲಿ ಬಟ್ಟೆ ಹೊಲಿದು ಬಾಳಿದರು. 1994ರವರೆಗೂ ಇದ್ದರು.