ಕುಲುಮೆಯ ಮುಂದೆ ನಿಂತ ದಿವಾನರು

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ನೀರಿನ ಕೆಲಸಕ್ಕೆ ಹೆಸರಾದ ಈ ಎಂಜಿನಿಯರ್ ಅರವತ್ತು ದಾಟಿದ ಮೇಲೆ ಕಬ್ಬಿಣ ಕರಗಿಸುವ ಹೊಣೆ ಹೊತ್ತ ಕಥೆ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿಕೊಂಡೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು.

ಈ ನಾಡಿಗೆ ಕಬ್ಬಿಣ ಹೊಸದಲ್ಲ. ನಮ್ಮ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲೂ ಅದಿರಿದೆ. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಹಳ್ಳಿಯ ಕುಲುಮೆಗಳಲ್ಲಿ ಶಾಖ ಸಾಲದೆ ಕಬ್ಬಿಣ ಪೂರ್ತಿ ಕರಗುತ್ತಿರಲಿಲ್ಲ. ಸ್ಪಂಜಿನಂಥ ಮುದ್ದೆಯನ್ನು ಬಡಿದು ಕಿಟ್ಟ ತೆಗೆಯಬೇಕಿತ್ತು. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ದೊಡ್ಡ ಊದುಕುಲುಮೆಯಲ್ಲಿ ಅದು ಇದ್ದಿಲಿನಿಂದ ಶೇ 4ರಷ್ಟು ಇಂಗಾಲ ಹೀರಿಕೊಂಡು 1,200 ಡಿಗ್ರಿಯ ಆಸುಪಾಸಿನಲ್ಲೇ ನೀರಿನಂತೆ ಹರಿಯುತ್ತದೆ. ಅಚ್ಚಿನಲ್ಲಿ ನಿಧಾನವಾಗಿ ಆರಿದರೆ ಇಂಗಾಲ ಗ್ರಾಫೈಟ್ ಆಗಿ ಬೇರ್ಪಟ್ಟು, ಕೊರೆಯಲು ಸುಲಭವಾದ ಬೂದು ಎರಕ ಸಿಗುತ್ತದೆ. ಥಟ್ಟನೆ ತಣಿದರೆ ಗಡುಸಾದ, ಆದರೆ ಬೇಗ ಒಡೆಯುವ ಬಿಳಿ ಎರಕ.

ಮೈಸೂರಿನಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗೆಂದು ವಿಶ್ವೇಶ್ವರಯ್ಯನವರು ಯೋಜನೆ ಕೈಬಿಡಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು ಸೇರಿಸಿ ಭದ್ರಾವತಿಯಲ್ಲಿ ಕಾರ್ಖಾನೆ ಕಟ್ಟುವ ನಿರ್ಧಾರ ಅವರ ದಿವಾನಗಿರಿಯಲ್ಲೇ ಆಯಿತು. ಇದ್ದಿಲಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಕಬ್ಬಿಣವೂ ಉತ್ತಮ. ಸೌದೆ ಸುಡುವಾಗ ಬರುವ ಹೊಗೆಯಿಂದ ಟಾರು, ಮೆಥನಾಲ್ ತೆಗೆಯುವ ಘಟಕವೂ ಬಂತು.

1923ರಲ್ಲಿ ಕುಲುಮೆ ಹೊತ್ತಿತು. ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟ ಏರಿತು, ಇದೊಂದು ಬಿಳಿಯಾನೆ ಎಂಬ ಟೀಕೆ ಎದ್ದಿತು. ದಿವಾನಗಿರಿ ಬಿಟ್ಟು ಐದು ವರ್ಷ ಕಳೆದಿತ್ತು. ತನಗೆ ಸಂಬಂಧವಿಲ್ಲ ಎಂದು ಅವರು ಸುಮ್ಮನಿರಬಹುದಿತ್ತು. ಸರ್ಕಾರ ಕರೆದಾಗ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು. ಖರ್ಚಿಗೆ ಲೆಕ್ಕವಿಟ್ಟರು, ಹೊರದೇಶದವರ ಜಾಗಕ್ಕೆ ನಮ್ಮ ಯುವಕರನ್ನೇ ತರಬೇತಿ ಕೊಟ್ಟು ತಂದರು. 1929ರಲ್ಲಿ ಅವರು ಹೊರಡುವಾಗ ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲುವ ಸ್ಥಿತಿಗೆ ಬಂದಿತ್ತು.

ಆ ದುಡಿಮೆಗೆ ಸಂದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಅದಕ್ಕೆ ಇಟ್ಟದ್ದು ತಮ್ಮ ಹೆಸರಲ್ಲ, ಮಹಾರಾಜ ಜಯಚಾಮರಾಜೇಂದ್ರರ ಹೆಸರು. ಅದೇ ಇಂದು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್. 1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಕೆಲಸ ಹುಡುಕುತ್ತಿರುವ ನಾವು ಅವರ ಅಂಕಪಟ್ಟಿಯನ್ನಷ್ಟೇ ಹೊಗಳುತ್ತೇವೆ. ತಾನು ಆರಂಭಿಸಿದ್ದು ನಷ್ಟದಲ್ಲಿದ್ದಾಗ ಹಿಂತಿರುಗಿ ಬಂದು ಸರಿಪಡಿಸಿದ ಆ ಆರು ವರ್ಷಗಳಲ್ಲಿ ನಾವು ಕಲಿಯುವುದು ಇನ್ನೂ ಹೆಚ್ಚಿದೆ.