ಕಬ್ಬಿಣದ ನೇಗಿಲಿನಿಂದ ಮಣ್ಣು ವಿಷವಾಗುತ್ತದೆಯೇ? ಲಕ್ಷ್ಮಣರಾವ್ ಕಿರ್ಲೋಸ್ಕರ್ ಎದುರಿಸಿದ ತಪ್ಪು ನಂಬಿಕೆ

ಕಾರಿನ ಪವರ್ ಟಿಲ್ಟ್ ಸ್ಟೀರಿಂಗ್ ಸಿಕ್ಕಿಕೊಂಡರೆ ಜೋರಾಗಿ ಎಳೆಯಿರಿ ಎಂಬ ಸಲಹೆ ನಿಮಗೂ ಬಂದಿರಬಹುದು. ಯಂತ್ರದ ಒಳಗೇನಿದೆ ಎಂದು ನೋಡದೆ ತೀರ್ಮಾನಿಸುವ ಈ ಅಭ್ಯಾಸ ಹಳೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅದರ ಬಿಸಿ ಅನುಭವಿಸಿದವರು.

1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಕೆಲವು ಬಣ್ಣಗಳು ಗುರುತು ಸಿಗದ ಕಾರಣ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಕಲಿಸಿದರು. 1888ರಲ್ಲಿ ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರು ಮಾಡಿದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ತಯಾರಿಸಿದರು.

ಕಬ್ಬಿಣದ ನೇಗಿಲು ಹೂಡಿದರೆ ಹೊಲ ವಿಷವಾಗುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ನಿಜವೇನು? ಕಬ್ಬಿಣ ಮಣ್ಣಿನಲ್ಲೇ ಇದೆ. ಖಾನಾಪುರದ ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ. ಗಿಡಗಳಿಗೂ ಅದು ಸ್ವಲ್ಪ ಬೇಕು. ಅಷ್ಟೇಕೆ, ಮರದ ನೇಗಿಲಿನ ಕುಳವೂ ಕಬ್ಬಿಣದ್ದೇ!

ಬೆಳಗಾವಿಯ ಪುರಸಭೆ ಜಾಗ ಬಿಡಲು ಹೇಳಿದಾಗ, ಅವರು 1910ರಲ್ಲಿ ಔಂಧ್ ಸಂಸ್ಥಾನದ ಕುಂಡಲ್ ರೋಡ್‌ಗೆ ಹೋದರು. ಆ ಬರಡು ನೆಲವೇ ಕಿರ್ಲೋಸ್ಕರ್‌ವಾಡಿ ಆಯಿತು. ಅವರು 1956ರಲ್ಲಿ ತೀರಿಕೊಂಡರು.

ಇನ್ನು ಸ್ಟೀರಿಂಗ್ ವಿಷಯ. ಅದನ್ನು ಮೇಲೆ ಕೆಳಗೆ ಮಾಡುವುದು ಒಳಗಿನ ಪುಟ್ಟ ಮೋಟಾರ್. ಬಲವಂತವಾಗಿ ಎಳೆದರೆ ಗೇರಿನ ಹಲ್ಲು ಮುರಿಯಬಹುದು. ಗಾಡಿ ನಿಲ್ಲಿಸಿ, ಮೊದಲು ಫ್ಯೂಸ್ ಮತ್ತು ಬ್ಯಾಟರಿ ನೋಡಿ. ಸ್ಟೀರಿಂಗ್ ಸಡಿಲವಾಗಿ ಅಲುಗಾಡುತ್ತಿದ್ದರೆ ಓಡಿಸಬೇಡಿ, ಮೆಕ್ಯಾನಿಕ್‌ನ ಕರೆಸಿ. ಫಾರ್ವರ್ಡ್ ಮಾಡುವ ಮುಂಚೆ ನಾವೆಲ್ಲ ಒಮ್ಮೆ ಪರೀಕ್ಷಿಸೋಣ.